ಅಮೋಘಸಿದ್ದ ಭಂಡಾರ ಹಿಡಿದು ಮಾಡಿದ ಆಣೆ

ತಾಂಡೂರಿನಲ್ಲಿ ಅಮೋಘಸಿದ್ದನೆಂಬ ಕುರುಬನಿದ್ದ. ಕುರಿ ಅವನ ಕಸುಬು, ಚೆಂಡು ಅವನ ಹುಚ್ಚು, ಹೊಟ್ಟೆಕಿಚ್ಚು ಅವನ ಹುಟ್ಟುಗುಣ. ಪಕ್ಕದವನ ಟಗರಿನ ಕೊಂಬು ತನ್ನ ಟಗರಿನದಕ್ಕಿಂತ ಒಂದು ಸುತ್ತು ಹೆಚ್ಚು ತಿರುಗಿದ್ದರೂ ಅವನ ಮುಖ ಹುಳ್ಳಗಾಗುತ್ತಿತ್ತು. ಇದೊಂದು ಬಿಟ್ಟರೆ ಬಂಗಾರದಂಥ ಮನುಷ್ಯ.

ನಿಜಾಮರ ಕಾಲ ಅದು. ಸ್ಟೇಶನ್ನಿನ ಬಾಬುಗಳೂ ಖಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕಡಿಯುವವರೂ ಸೇರಿ ಸಂಜೆ ರೈಲ್ವೆಯ ಮಾಲುಗೋದಾಮಿನ ಹಿಂದಿನ ಬಯಲಲ್ಲಿ ಫುಟ್‌ಬಾಲ್ ಆಡುತ್ತಿದ್ದರು. ಹೈದರಾಬಾದಿಗೆ ಕಳಿಸಲೆಂದು ಗೂಡ್ಸ್ ಡಬ್ಬಿಗೆ ಹತ್ತಿಸುತ್ತಿದ್ದ ಟಗರೊಂದು ಒಮ್ಮೆ ತಪ್ಪಿಸಿಕೊಂಡು ಆಟದ ನಡುವೆ ನುಗ್ಗಿತು. ಅಮೋಘಸಿದ್ದ ಅಡ್ಡ ಹಾರಿ ಅದರ ಹಿಂಗಾಲು ಹಿಡಿದ. ನೆಲಕ್ಕೆ ಬಿದ್ದರೂ ಬಿಡಲಿಲ್ಲ. ಕಲ್ಲು ಕಡಿಯುವ ಸಾಯಪ್ಪ ಅದನ್ನು ನೋಡಿ ಕೂಗಿದ:

“ಏ ಸಿದ್ದಾ, ಬಾರೋ ಇಲ್ಲಿ, ಗೋಲಿನಾಗ ನಿಂದ್ರು. ಚೆಂಡು ನಿನ್ನ ಟಗರಿಗಿಂತ ಸಣ್ಣದದ, ಮ್ಯಾಲ ಕೊಂಬೂ ಇಲ್ಲ!”

ಗೋಲಿಗೆಂದು ನೆಟ್ಟ ಎರಡು ಫರಸಿ ಕಲ್ಲುಗಳ ನಡುವಿನ ಜಾಗ ಅಂದಿನಿಂದ ಅವನದಾಯಿತು. ಜಹೀರಾಬಾದಿನವರು ಬಂದು ಆಡಿ ಬರಿಗೈಲಿ ಹೋದರು. ನಾರಾಯಣಖೇಡದವರು ಬಂದು, ಈ ಕುರುಬ ಏನೋ ಮಾಟ ಮಾಡ್ಯಾನ ಎನ್ನುತ್ತ ಹೋದರು. ಆ ಮಾತು ಕೇಳಿದ ದಿನ ಅಮೋಘಸಿದ್ದ ಪೇಟೆಯ ತುಂಬ ಎರಡು ಸುತ್ತು ಹಾಕಿದ. ಅವನ ಹೆಂಡತಿ ಮೋನಮ್ಮ ಮಜ್ಜಿಗೆ ಮಾರುವಾಗ, “ಗೋಲ್ಕೀಪರನ ಮನಿ ಮಜ್ಜಿಗಿ ಅದರಿ” ಎಂದೇ ಮಾರುತ್ತಿದ್ದಳು.

ದೊಡ್ಡ ಯುದ್ಧ ಮುಗಿದ ವರ್ಷದ ಮಳೆಗಾಲದಲ್ಲಿ ಒಂದು ಮಿಲಿಟರಿ ರೈಲು ಬಂದು ತಾಂಡೂರಿನಲ್ಲಿ ನಿಂತಿತು. ಮುಂದೆ ಎಲ್ಲೋ ನೀರು ನುಗ್ಗಿ ಹಳಿಯ ಕೆಳಗಿನ ಮಣ್ಣು ಕೊಚ್ಚಿಹೋಗಿತ್ತು. ರೈಲಿನಲ್ಲಿದ್ದವರು ಆಫ್ರಿಕಾದ ಸಿಪಾಯಿಗಳು. ಬರ್ಮಾದಲ್ಲಿ ಲಡಾಯಿ ಮಾಡಿ, ಬೊಂಬಾಯಿಯಲ್ಲಿ ಹಡಗು ಹತ್ತಿ ಊರಿಗೆ ಹೋಗುವವರು. ಹಳಿ ಸರಿಯಾಗುವತನಕ ಬಯಲಲ್ಲೇ ಡೇರೆ ಹಾಕಿದರು. ಮೊದಲ ದಿನ ಊರಿನವರು ಬಾಗಿಲು ಹಾಕಿಕೊಂಡರು. ಮರುದಿನ ಅವರು ಚೆಂಡು ಹೊರತೆಗೆದದ್ದೇ ತಡ, ಊರಿಗೆ ಊರೇ ಬಯಲಲ್ಲಿತ್ತು.

ಅವರಲ್ಲಿ ಓಪಿಯೋ ಎಂಬವನಿದ್ದ. ಉದ್ದನೆಯ ಆಳು, ಬರಿಗಾಲು. ಅವನು ಒದ್ದರೆ ಚೆಂಡು ಹೋಗುವ ದಾರಿಯೇ ಬೇರೆ. ಎಡಕ್ಕೆ ಹೊರಟದ್ದು ನಡುವೆ ಮನಸ್ಸು ಬದಲಿಸಿದಂತೆ ಬಲಕ್ಕೆ ತಿರುಗುತ್ತಿತ್ತು. ಜನ ಹೋ ಎನ್ನುತ್ತಿದ್ದರು. ಆ ಹೋ ಎನ್ನುವ ಸದ್ದು ಇಷ್ಟು ದಿನ ಯಾರದಾಗಿತ್ತು? ಕಂಬಳಿ ಹೊದ್ದು ದೂರ ನಿಂತ ಅಮೋಘಸಿದ್ದನ ಎದೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು.

ಸಂಜೆ ಚಹಾದ ಅಂಗಡಿಯಲ್ಲಿ ಓಪಿಯೋ ತನಗೆ ಬಂದಷ್ಟು ಹಿಂದೂಸ್ತಾನಿಯಲ್ಲಿ ಮಾತಾಡಿದ. ಅವನ ನಾಡು ಯುಗಾಂಡಾ. ಪಕ್ಕದ ನಾಡು ಕೀನ್ಯಾ. ಎರಡಕ್ಕೂ ವರ್ಷಕ್ಕೊಮ್ಮೆ ಒಂದು ಕಪ್‌ಗಾಗಿ ಫುಟ್‌ಬಾಲ್ ಆಟ. ತಾನು ಚಿಕ್ಕವನಿದ್ದಾಗ ಅದು ಶುರುವಾಯಿತು. ಮೊದಲ ಸಲ ಸಮ ಸಮ ಆಗಿ, ಮತ್ತೆ ಆಡಿಸಿದಾಗ ಕೀನ್ಯಾ ಗೆದ್ದಿತು. ಆಮೇಲೆ ಯುಗಾಂಡಾ ಎದ್ದು ನಿಂತು ವರ್ಷದ ಮೇಲೆ ವರ್ಷ ಕಪ್ ಮನೆಗೆ ತಂದಿತು. ಯುದ್ಧಕ್ಕೆ ಮುಂಚೆ ಒಂದು ವರ್ಷ ತಾನೂ ಆ ತಂಡದಲ್ಲಿದ್ದೆ ಎಂದು ಹೇಳಿ, ಎದೆ ಮುಟ್ಟಿಕೊಂಡು, “ಮೇರಾ ಮುಲ್ಕ್”, ನನ್ನ ದೇಶ, ಎಂದ.

“ನಿನ್ನ ಮುಲ್ಕಿಗೆ ರಾಜಾ ಯಾರು?” ಹಿಂದೂಸ್ತಾನಿಯಲ್ಲೇ ಕೇಳಿದ ಅಮೋಘಸಿದ್ದ.

“ಅಂಗ್ರೇಜ್.”

ಅಮೋಘಸಿದ್ದ ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಓಪಿಯೋನ ಕಾಲಿನ ಆಟ ಚಂದ ಇದ್ದದ್ದಕ್ಕೆ ಉರಿದದ್ದು ಹೋಗಲಿ, ಇದು ಬೇರೆ ಉರಿ. ದಾರಿಯಲ್ಲಿ ಸಾಯಪ್ಪನ ಮುಂದೆ ಕಾರಿಕೊಂಡ. “ಅವರ ತಲಿ ಮ್ಯಾಲ ಅಂಗ್ರೇಜ್ ಕುಂತಾನ, ನಮ್ಮ ತಲಿ ಮ್ಯಾಲ ನಿಜಾಮ ಕುಂತಾನ. ಆದ್ರೂ ಅವರಿಗಿ ದೇಶದ ತಂಡ ಅದ, ಕಪ್ ಅದ. ನಾ ಯಾರ ಪರವಾಗಿ ಆಡೀನಿ? ಮಾಲುಗೋದಾಮಿನ ಪರವಾಗಿ!”

ಸಾಯಪ್ಪ ಬಿಡುವ ಆಸಾಮಿಯಲ್ಲ. “ದೇಶದ ಸುದ್ದಿ ಬಿಡೋ. ನಿನ್ನ ಹೇಣ್ತಿ ಮಜ್ಜಿಗಿ ಎಲ್ಲಾ ಆ ಡೇರೆಗೇ ಹೋಗ್ಯಾದ. ಮೊದಲ ಅದನ್ನ ನೋಡು!”

ಅದೂ ನಿಜವೇ. ಸಿಪಾಯಿಗಳಿಗೆ ಮೋನಮ್ಮನ ಮಜ್ಜಿಗೆ ಬಹಳ ಹಿಡಿಸಿತ್ತು. ಮನೆಗೆ ಬಂದರೆ ಅವಳು ಕೊಡ ತೊಳೆಯುತ್ತ, “ಏನ ಒದೀತಾನರೀ ಆ ಓಪಿಯೋ! ಚೆಂಡಿಗಿ ಕಣ್ಣ ಬಂದಂಗ ಆಗ್ತದ” ಎಂದಳು. ಮುಗಿಯಿತು.

ಬರುವ ಶುಕ್ರವಾರ ತಾಂಡೂರಿನವರಿಗೂ ಸಿಪಾಯಿಗಳಿಗೂ ಆಟವೆಂದು ನಿಗದಿಯಾಯಿತು. ಆ ಮಾತು ಕಟ್ಟೆಯಲ್ಲಿ ನಡೆದಿತ್ತು. ಅಮೋಘಸಿದ್ದನ ಸೋದರಮಾವ, ಕುರುಬರ ಹಿರಿಯ ರೇವಪ್ಪ ಕೂತಿದ್ದ. ಸಾಯಪ್ಪ, “ಸಿದ್ದಾ, ಆವಾ ಒದ್ರ ನೀ ಸುಮ್ಮ ಬಾಜೂಕ ಸರಿ. ಕೈ ಮುರಕೋಬ್ಯಾಡ” ಎಂದು ಚುಚ್ಚಿದ. ಎಲ್ಲರೂ ನಕ್ಕರು.

ಅಮೋಘಸಿದ್ದ ನಗಲಿಲ್ಲ. ಹೆಗಲ ಕಂಬಳಿ ಜಾಡಿಸಿ ನೆಲಕ್ಕೆ ಹಾಸಿದ, ಅದರ ಮೇಲೆ ಮಂಡಿಯೂರಿದ, ಸೊಂಟದ ಚೀಲದಿಂದ ದೇವರ ಭಂಡಾರದ ಅರಿಶಿನ ತೆಗೆದು ಮುಷ್ಟಿ ಕಟ್ಟಿದ. “ಓಪಿಯೋ ಒದ್ದ ಚೆಂಡು ನನ್ನ ದಾಟಿ ಹೋದ್ರ, ಈ ಜನ್ಮದಾಗ ನಾ ಮತ್ತ ಚೆಂಡ ಮುಟ್ಟಂಗಿಲ್ಲ. ಕೈಲಿಂದೂ ಇಲ್ಲ, ಕಾಲಿಂದೂ ಇಲ್ಲ.”

ಅದು ಕುರುಬರ ದೊಡ್ಡ ಆಣೆ. ಹೊಲದ ಜಗಳ, ಮದುವೆಯ ಮಾತು, ಕುರಿ ಕಳವು, ಇಂಥದಕ್ಕೆ ಮಾತ್ರ, ಅದೂ ಹಿರಿಯರು ಹೇಳಿದರೆ ಮಾತ್ರ ಕಂಬಳಿ ಹಾಸಿ ಭಂಡಾರ ಹಿಡಿಯುವುದು. ಆಟಕ್ಕೆ ಯಾರೂ ಹಿಡಿದವರಿರಲಿಲ್ಲ.

“ಹುಚ್ಚ ಸೂಳಿಮಗನ,” ಎಂದ ರೇವಪ್ಪ ಮೆಲ್ಲಗೆ. “ಇದು ಕುರುಬರ ಮಾತು. ನಾ ಹಿಂದಕ ತಗೀತೀನಂದ್ರೂ ತಗ್ಯಾಕ ಬರಂಗಿಲ್ಲ.”

“ತಗಿ ಅಂತ ಯಾರ ಕೇಳ್ಯಾರ, ಮಾವಾ?”

ಮನೆಯಲ್ಲಿ ಮೋನಮ್ಮ ತಲೆ ಚಚ್ಚಿಕೊಂಡಳು. “ಹೊಟ್ಟಿಕಿಚ್ಚಿಗಿ ಭಂಡಾರ ಹಿಡೀತಾರೇನ್ರೀ? ನಾಳಿ ಚೆಂಡಿಲ್ಲದ ಮನ್ಯಾಗ ಕುಂತರ ನಿಮ್ಮನ್ನ ಯಾರು ಸಹಿಸಬೇಕು? ನಾನೇ ಅಲ್ಲೇನು!”

ಶುಕ್ರವಾರ ಮಳೆ ನಿಂತು ಹೊಳವಾಗಿತ್ತು. ಅಮೋಘಸಿದ್ದ ಅಂದು ನಿಂತಂತೆ ಹಿಂದೆಂದೂ ನಿಂತಿರಲಿಲ್ಲ. ಓಪಿಯೋ ಒದ್ದ, ಇವನು ಹಿಡಿದ. ತಿರುಗಿಸಿ ಒದ್ದ, ಇವನು ಕೆಸರಲ್ಲಿ ಜಾರಿ ಬೆರಳ ತುದಿಯಿಂದ ತಳ್ಳಿದ. ಸಿಪಾಯಿಗಳೂ ಚಪ್ಪಾಳೆ ತಟ್ಟಿದರು. ಅವರ ಚಪ್ಪಾಳೆ ಕೇಳಿ ಅವನಿಗೆ ಸಂತೋಷವಾಗಲಿಲ್ಲ. ಇಷ್ಟು ಧಾರಾಳವಾಗಿ ತಟ್ಟಲು ಇವರಿಗೆ ಬರುತ್ತದಲ್ಲ, ನನಗೆ ಬರುವುದಿಲ್ಲವಲ್ಲ ಎಂದು ಅದಕ್ಕೂ ಉರಿಯಿತು.

ಎರಡೂ ಕಡೆ ಗೋಲಿಲ್ಲದೆ ಆಟ ಮುಗಿಯಲು ಬಂದಾಗ ಸಾಯಪ್ಪನ ಕೈಗೆ ಚೆಂಡು ತಗುಲಿತು. ಸೀಟಿ ಕೇಳಿಸಿತು. ಪೆನಾಲ್ಟಿ. ಒದೆಯುವವನು ಓಪಿಯೋ.

ಓಪಿಯೋ ಚೆಂಡಿಟ್ಟು ಹಿಂದೆ ಸರಿದ, ಜನರ ಕಡೆ ಒಮ್ಮೆ ನೋಡಿದ. ಅವನು ನೋಡಿದ್ದು ಮೋನಮ್ಮನನ್ನು. ಮೋನಮ್ಮ ಸೆರಗಿನಲ್ಲೇ ಕೈ ಜೋಡಿಸಿದ್ದಳು. ಅಮೋಘಸಿದ್ದ ಎರಡನ್ನೂ ಕಂಡ. ಓಪಿಯೋ ಓಡಿಬಂದು ಒದ್ದ. ಚೆಂಡು ಫರಸಿ ಕಲ್ಲಿನಿಂದ ಮಾರು ದೂರ, ಗೋದಾಮಿನ ಗೋಡೆಗೆ ಬಡಿಯಿತು.

ಸೀಟಿ. ಆಟ ಮುಗಿಯಿತು. ಜನ ನುಗ್ಗಿ ಅಮೋಘಸಿದ್ದನನ್ನು ಹೆಗಲಿಗೇರಿಸಿದರು. ಆಣೆ ಉಳಿಯಿತು, ಮಾನ ಉಳಿಯಿತು, ಚೆಂಡೂ ಉಳಿಯಿತು. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಅವನು ಅಮೋಘಸಿದ್ದನೇ ಅಲ್ಲ. ಹೆಗಲ ಮೇಲಿಂದ ಒದ್ದಾಡಿ ಇಳಿದು ನೇರ ಹೆಂಡತಿಯ ಹತ್ತಿರ ಬಂದ.

“ನೀ ಹೇಳಿದಿ?”

“ಹೂಂರಿ, ಹೇಳ್ದೆ. ಮಜ್ಜಿಗಿ ಕೊಡೋವಾಗ ನಿಮ್ಮ ಆಣಿ ಸುದ್ದಿ ಬಂದಷ್ಟು ಹಿಂದೂಸ್ತಾನಿಯಾಗ ಹೇಳ್ದೆ. ತಪ್ಪೇನದ? ಆವಾ ಊರಿಗಿ ಹೋದ್ರ ಅವಗ ಒಂದು ತಂಡ ಅದ. ನಿಮಗ ಇದಷ್ಟೇ ಅದ.”

ಅದೇ ಮಾತು ಅವನ ಕರುಳಿಗೆ ಹತ್ತಿತು. ಓಪಿಯೋ ಕಾಲಿನಲ್ಲಿ ಗೆದ್ದ, ದೇಶದಲ್ಲಿ ಗೆದ್ದ, ಈಗ ಕರುಣೆಯಲ್ಲೂ ಗೆದ್ದುಬಿಟ್ಟನಲ್ಲ! ಅಮೋಘಸಿದ್ದ ಚೆಂಡು ಹೆಕ್ಕಿ ತಂದು ಓಪಿಯೋನ ಕಾಲಬಳಿ ಇಟ್ಟ. “ಫಿರ್ ಮಾರೋ. ಸಚ್ಚಾ ಮಾರೋ.”

“ಬಸ್ ಭಾಯಿ. ಖೇಲ್ ಖತಂ.”

“ನಿನ್ನ ಮುಲ್ಕಿನಾಗ ಹಿಂಗೇ ಆಡ್ತೀರೇನು? ಕೀನ್ಯಾದವರಿಗೂ ಭಿಕ್ಷಾ ಹಾಕ್ತಿದ್ರಿ?”

ಕನ್ನಡ ತಿಳಿಯದಿದ್ದರೂ ಕೀನ್ಯಾ ಎಂಬುದು ತಿಳಿಯಿತು. ಓಪಿಯೋನ ಮುಖದ ನಗು ಹೋಯಿತು. ರೇವಪ್ಪ ಬೇಡವೆಂದು ಕೂಗಿದ, ಸಾಯಪ್ಪ ಓಡಿಬಂದು ತೋಳು ಹಿಡಿದೆಳೆದ. ಅಮೋಘಸಿದ್ದ ಕೊಡವಿಕೊಂಡು ಕಲ್ಲುಗಳ ನಡುವೆ ಹೋಗಿ ನಿಂತ.

ಓಪಿಯೋ ಈ ಸಲ ಯಾರನ್ನೂ ನೋಡಲಿಲ್ಲ. ಚೆಂಡು ಎಡಕ್ಕೆ ಹೊರಟಿತು. ಅಮೋಘಸಿದ್ದ ಎಡಕ್ಕೇ ಹಾರಿದ. ಚೆಂಡು ತಿರುಗಿ ಬಲಗಡೆಯ ಕಲ್ಲನ್ನು ಸವರಿಕೊಂಡು ಒಳಗೆ ಹೋಯಿತು.

ಯಾರೂ ಹೋ ಎನ್ನಲಿಲ್ಲ. ಓಪಿಯೋ ಬಂದು ಕೈಕೊಟ್ಟು ಎಬ್ಬಿಸಿದ. ಹಳಿ ಸರಿಯಾಗಿ ರೈಲು ಹೊರಟ ದಿನ ಅಮೋಘಸಿದ್ದ ಕಳಿಸಲು ಹೋಗಲಿಲ್ಲ. ಹೊಳೆಯ ದಂಡೆಯಲ್ಲಿ ಕುರಿಗಳ ನಡುವೆ ನಿಂತು, ಹೊಗೆ ಕಾಣದಾಗುವತನಕ ನೋಡಿ, “ಹೋಗು, ನಿನ್ನ ಮುಲ್ಕಿಗಿ ಹೋಗು” ಎಂದ. ಬೈದನೋ ಹರಸಿದನೋ ಅವನಿಗೇ ಗೊತ್ತು.

ಆಣೆಯನ್ನು ಅವನು ಮುರಿಯಲಿಲ್ಲ. ಗೋಲಿನಲ್ಲಿ ಬಕ್ಕಪ್ಪನೆಂಬ ಹಮಾಲ ನಿಂತ. ಅವನು ಚೆಂಡು ಬಿಟ್ಟಾಗಲೆಲ್ಲ ಬಯಲಂಚಿನಲ್ಲಿ ಕುರಿ ಕಾಯುತ್ತಿದ್ದ ಅಮೋಘಸಿದ್ದನ ಮೈ ತಾನಾಗಿ ಹಾರಲು ಹೋಗಿ ನಿಲ್ಲುತ್ತಿತ್ತು. ಬಕ್ಕಪ್ಪ ಹಿಡಿದಾಗಲೆಲ್ಲ, “ಅದೇನ ದೊಡ್ಡದು!” ಎಂದು ನೆಲಕ್ಕೆ ಉಗುಳುತ್ತಿದ್ದ.

ನಿಜಾಮರ ರಾಜ್ಯ ಅಲ್ಲಾಡತೊಡಗಿದ ದಿನಗಳಲ್ಲೊಮ್ಮೆ, ಎಲ್ಲೆಡೆ ಭಯವಿದ್ದರೂ ಬಯಲಲ್ಲಿ ಆಟ ನಡೆದಿತ್ತು. ಚೆಂಡು ಹೊರಳುತ್ತ ಹೊರಳುತ್ತ ಕುರಿಗಳ ನಡುವೆ ಬಂದು ಅಮೋಘಸಿದ್ದನ ಹೆಬ್ಬೆರಳಿನ ಮುಂದೆಯೇ ನಿಂತಿತು.

“ಒದಿಯೋ ಸಿದ್ದಾ!” ಸಾಯಪ್ಪ ಮರೆತು ಕೂಗಿದ. ಆಮೇಲೆ ನಾಲಿಗೆ ಕಚ್ಚಿಕೊಂಡ.

ಅಮೋಘಸಿದ್ದ ಬಿಸಿ ತಗುಲಿದವನಂತೆ ಕಾಲು ಹಿಂದೆಳೆದುಕೊಂಡು ಕಂಬಳಿಯೊಳಗೆ ಸೇರಿಸಿದ. ಕುರಿಯೊಂದು ಚೆಂಡನ್ನು ಮೂಸಿ ನೋಡಿ ಬಿಟ್ಟಿತು. ಆಟಗಾರರೆಲ್ಲ ನಿಂತಲ್ಲೇ ನಿಂತಿದ್ದರು. ರೊಟ್ಟಿ ಬುತ್ತಿ ತಂದಿದ್ದ ಮೋನಮ್ಮ ಗಂಡನ ಮುಖ ನೋಡಿದಳು, ಚೆಂಡು ನೋಡಿದಳು. ಬುತ್ತಿ ಕೆಳಗಿಟ್ಟಳು. ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಒಮ್ಮೆ ಒದ್ದಳು.

ಚೆಂಡು ಕುರಿಗಳ ಮೇಲೆ, ಸಾಯಪ್ಪನ ತಲೆಯ ಮೇಲೆ ಹಾರಿ ಬಯಲಿನ ನಡುವೆ ಬಿತ್ತು. ಜನ ಹೋ ಎಂದರು.

“ಅಯ್ಯ, ಎಷ್ಟು ಹಗುರ ಅದರೀ ಇದು!” ಎಂದಳು ಮೋನಮ್ಮ, ಹೊಳೆಯುವ ಕಣ್ಣಲ್ಲಿ ಗಂಡನ ಕಡೆ ತಿರುಗಿ.

“ಸೊಟ್ಟ ಹೋತು,” ಎಂದ ಅಮೋಘಸಿದ್ದ.

ಚೆಂಡು ನೆಟ್ಟಗೇ ಹೋಗಿತ್ತು.