ಪಟದೊಳಗಿನ ಅಂಬುಜಮ್ಮ

ಅಂಬುಜಮ್ಮ ಕೂತರೆಂದರೆ ಕೂತರು. ಮೂಗಿನ ಮೇಲೆ ನೊಣ ಕೂತರೂ ರೆಪ್ಪೆ ಅಲುಗದು. ಎಂಬತ್ತು ದಾಟಿದವರಿಗೆ ಇದೆಲ್ಲಿಯ ಅಭ್ಯಾಸವೆಂದು ಕೇಳಿದರೆ, "ಹನ್ನೊಂದು ವರ್ಷ ಒಬ್ಬ ಚಿತ್ರಗಾರರ ಮುಂದೆ ಕುಂತಿದ್ದೆನಮ್ಮ. ಅಲ್ಲಾಡಿದರೆ ಬೈತಿದ್ರು," ಎನ್ನುತ್ತಿದ್ದರು.

ಬ್ಯಾಂಕಿನ ವರ್ಗಾವಣೆಯ ಮೇಲೆ ವಿಶಾಖಪಟ್ಟಣಕ್ಕೆ ಹೋದ ನನಗೆ ದ್ವಾರಕಾ ನಗರದಲ್ಲಿ ಅವರು ಎದುರು ಬಾಗಿಲಿನವರು. ತಾಯಿಯ ಕಡೆಯವರು ಬಳ್ಳಾರಿಯವರಾದ್ದರಿಂದ ತೆಲುಗು ಬೆರೆತ ಸೊಗಸಾದ ಕನ್ನಡ. ದೇವಸ್ಥಾನದಲ್ಲಿ ಆಡಿ ಹಾಡುವ ಕಲಾವಂತರ ಮನೆತನ. ಅದು ಗೊತ್ತಿಲ್ಲದೆ ಮೊದಲ ಶುಕ್ರವಾರವೇ ಒಂದು ಪೆದ್ದುತನ ಮಾಡಿದೆ. ಆಗ ತಾನೇ ಮುಖ ತೊಳೆದು ನಮ್ಮ ಮನೆಗೆ ಬಂದಿದ್ದರು, ಹಣೆ ಖಾಲಿ. ಒಂಟಿ ಹೆಂಗಸು, ಗಂಡ ತೀರಿಕೊಂಡಿರಬೇಕೆಂದು ಕುಂಕುಮದ ಭರಣಿ ಸರಿಸಿ ಬರೀ ಬಾಳೆಹಣ್ಣು ಕೊಟ್ಟೆ.

"ಅದ್ಯಾಕಮ್ಮ ಬಚ್ಚಿಡ್ತೀ? ನಮ್ಮ ಮನೆ ಹೆಣ್ಣುಮಕ್ಕಳಿಗೆ ದೇವರೇ ಗಂಡ. ಆತನಿಗೆ ಸಾವೆಲ್ಲಿಂದ ಬರ್ತೈತೆ? ನಾವು ನಿತ್ಯಸುಮಂಗಲಿಯರು. ತಾ ಇಲ್ಲಿ. ನಮ್ಮಮ್ಮ ಕರಿಮಣಿ ಪೋಣಿಸಿಕೊಡದೆ ಊರಲ್ಲಿ ಮದುವೇನೇ ಆಗ್ತಿರಲಿಲ್ಲ."

ಆ ಚಿತ್ರಗಾರರು ತೀರಿಕೊಂಡ ಮೇಲೆ ಅವರ ಮಗ ವಿಜಯವಾಡದಲ್ಲಿ ಒಂದು ತಿಂಗಳ ಪ್ರದರ್ಶನ ಇಟ್ಟ. ಬೆಳಗಿನ ರೈಲಿಗೆ ಇಬ್ಬರೂ ಹೋದೆವು. ಲಕ್ಷ್ಮಿ, ಶಕುಂತಲೆ, ನೀರು ಹೊರುವವಳು, ಎಲ್ಲದರಲ್ಲೂ ಅಂಬುಜಮ್ಮನದೇ ಮುಖ. ಅವರು ಅವರಾಗಿಯೇ ಕೂತಿದ್ದ ದೊಡ್ಡ ಪಟ ಒಂದೇ. ಅದರ ಕೆಳಗಿನ ಚೀಟಿಯಲ್ಲಿ 'ಒಬ್ಬ ಸ್ತ್ರೀ' ಎಂದಷ್ಟೇ ಇತ್ತು, ಓದಿ ಹೇಳಿದೆ.

"ನನ್ನ ಹೆಸರು ಬರಿ ನಾಯನಾ. ಬೇರೇನೂ ಬೇಡ," ಎಂದು ಚಿತ್ರಗಾರರ ಮಗನನ್ನು ತೆಲುಗಿನಲ್ಲಿ ಕೇಳಿದರು.

ಮಗ ಕೈಮುಗಿದ. "ಅಮ್ಮ ಇದ್ದಾರಂಡಿ. ಮಧ್ಯಾಹ್ನ ಬರ್ತಾರೆ. ನೊಂದ್ಕೋತಾರೆ."

ಸರಿ ಎಂದು ಅಲ್ಲೇ ಒಂದು ಕುರ್ಚಿ ಎಳೆದುಕೊಂಡು, ಪಟದಲ್ಲಿದ್ದಂತೆಯೇ ಎಡಗೈ ತೊಡೆಯ ಮೇಲಿಟ್ಟು ಕೂತರು. ಬಂದವರು ಮೇಲೆ ನೋಡಿ, ಕೆಳಗೆ ನೋಡಿ, ದನಿ ತಗ್ಗಿಸುತ್ತಿದ್ದರು. ಊಟಕ್ಕೆ ಕರೆದರೂ ಏಳಲಿಲ್ಲ.

ಗಾಲಿಕುರ್ಚಿಯಲ್ಲಿ ಚಿತ್ರಗಾರರ ಹೆಂಡತಿ ಬಂದರು. ಬಹಳ ಹೊತ್ತು ನೋಡಿದರು.

"ನೀನೇನಾ ಅದು? ನನ್ನನ್ನ ಒಂದ್ಸಲಾನೂ ಬರೀಲಿಲ್ಲ ಆ ಮನುಷ್ಯ."

"ನೀವು ಅಲ್ಲಾಡ್ತೀರಿ ಅಂತಿದ್ರು ಅಕ್ಕಾ."

"ಅಲ್ಲಾಡದೆ ಕೂತರೆ ಅನ್ನ ಯಾರು ಬೇಯಿಸ್ತಿದ್ರು?" ಆಕೆ ಮಗನ ಕಡೆ ತಿರುಗಿದರು. "ಬರಿಯೋ. ಇಷ್ಟು ವರ್ಷ ಯಾರ ಮೇಲೆ ಹೊಟ್ಟೆ ಉರ್ಕೊಂಡೆ ಅಂತ ನನಗೂ ಗೊತ್ತಾಗ್ಲಿ."

ತಮ್ಮ ಅಮ್ಮನ ಹೆಸರು ಮೊದಲು ಬರಲಿ ಎಂದರು ಅಂಬುಜಮ್ಮ. ಅವರ ಮನೆಗಳಲ್ಲಿ ಹೆಸರು ತಾಯಿಯಿಂದಲೇ ಬರುವುದು. ಅವರು ಕನ್ನಡಕ ತಂದಿರಲಿಲ್ಲ. ಮಗ ಚೀಟಿಯಲ್ಲಿ ಬರೆದದ್ದನ್ನು ನಾನೇ ತೆಲುಗು ಅಕ್ಷರ ಕೂಡಿಸಿಕೊಂಡು ಓದಿದೆ: ಸೀತಾರತ್ನಂ ಮಗಳು ಅಂಬುಜ.

"ಇನ್ನೊಂದ್ಸಲ ಓದಮ್ಮ," ಎಂದರು. ಓದಿದೆ.

ತಂಗಿಯ ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದು ಬರುತ್ತೇನೆಂದು ಅಲ್ಲೇ ಉಳಿದರು. ಎರಡು ವಾರಕ್ಕೆ ಸುದ್ದಿ ಬಂತು, ನಿದ್ದೆಯಲ್ಲೇ ಹೋದರಂತೆ. ಪ್ರದರ್ಶನದ ಕೊನೆಯ ದಿನ ಒಬ್ಬಳೇ ಹೋದೆ. ಚೀಟಿಯಲ್ಲಿ ಮಗನ ಕೈಬರಹ ಹಾಗೆಯೇ ಇತ್ತು. ಕೇಳುವವರಿಲ್ಲದಿದ್ದರೂ ಎರಡು ಸಲ ಓದಿದೆ.