ಶುಕ್ರವಾರ ಸಂಜೆ ಬಂದ ಸ್ಕಾಲರ್‌ಶಿಪ್

ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಎಂದರೆ ನೀವು ಮೂಗು ಮುರಿಯಬಹುದು. ನನಗೆ ಮಾತ್ರ ಅದು ಹೋಳಿಗೆ ಬೇಯುವ ವಾಸನೆಯಷ್ಟೇ ಇಷ್ಟ. ಮೊನ್ನೆ ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹತ್ತಿರ ನಜೀರ್ ಸಾಬರ ಜೆರಾಕ್ಸ್ ಅಂಗಡಿಗೆ ಕರೆಂಟ್ ಬಿಲ್ಲಿನ ಪ್ರತಿ ತೆಗೆಸಲು ಹೋಗಿದ್ದೆ. ಸ್ಕಾಲರ್‌ಶಿಪ್ ಅರ್ಜಿ ಹಾಕುವ ಕಾಲ. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುಡುಗಿಯರು ಫೈಲುಗಳನ್ನು ಎದೆಗೆ ಅವಚಿಕೊಂಡು, ಪರೀಕ್ಷೆಗೆ ಬಂದವರ ಹಾಗೆ ಮುಖ ಮಾಡಿಕೊಂಡು ನಿಂತಿದ್ದರು. ಲ್ಯಾಮಿನೇಷನ್ ಯಂತ್ರದಿಂದ ಯಾರದ್ದೋ ಅಂಕಪಟ್ಟಿ ಬೆಚ್ಚಗೆ ಹೊರಬರುತ್ತಿತ್ತು. ನಾನು ಬಿಲ್ಲನ್ನು ಮರೆತು ನೋಡುತ್ತಾ ನಿಂತುಬಿಟ್ಟೆ.

"ನಿಮ್ದೇನಕ್ಕಾ?" ಅಂದರು ನಜೀರ್ ಸಾಬರು.

"ನಂದೇನಿಲ್ಲ ಸಾಬ್ರೆ, ಮೊದ್ಲು ಹುಡುಗೀರ್ದು ಮಾಡ್ರಿ. ನಾನು ನಿಂತಿರ್ತೀನಿ," ಅಂದೆ. ಹೀಗೆ ಸರದಿ ಬಿಟ್ಟುಕೊಡುವ ಹೆಂಗಸು ನಾನಲ್ಲ. ನೀರಿನ ಟ್ಯಾಂಕರ್ ಬಂದಾಗ ನನ್ನನ್ನು ನೋಡಿದವರಿಗೆ ಅದು ಗೊತ್ತು. ಆದರೆ ಆ ಹುಡುಗಿಯರ ನಡುವೆ ನನಗೆ ಹೋದ ವರ್ಷದ ನಮ್ಮ ಸ್ಫೂರ್ತಿಯೇ ನಿಂತಂತೆ ಕಂಡಿತು.

ಸ್ಫೂರ್ತಿ ನನ್ನ ಅಕ್ಕನ ಮಗಳು. ಅಕ್ಕ ಭಾವ ಇರುವುದು ಸೊರಬದಲ್ಲಿ. ಭಾವನದು ಒಂದು ಗೂಡ್ಸ್ ಆಟೊ. ಬಾಯಿ ತುಂಬ ಮಾತಾಡುವ ಮನುಷ್ಯ, ಬಾಡಿಗೆ ಕೇಳುವಾಗ ಮಾತ್ರ ನಾಚಿಕೊಳ್ಳುತ್ತಾರೆ. ಸ್ಫೂರ್ತಿಗೆ ಶಿಕಾರಿಪುರದ ಒಂದು ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಇರುವುದಕ್ಕೆ ಚಿಕ್ಕಮ್ಮನ ಮನೆ ಇದ್ದೇ ಇತ್ತು. ಮನೆಯ ಮುಂದಿನ ಕೋಣೆಯಲ್ಲೇ ನನ್ನ ರವಿಕೆ ಹೊಲಿಯುವ ಅಂಗಡಿ. ಸೀಟು ಸಿಕ್ಕ ಸುದ್ದಿ ಬಂದ ವಾರವೇ ನಾನು ಬಿಳಿ ಬಟ್ಟೆ ತಂದು ಅವಳಿಗೆ ಎರಡು ಜೊತೆ ಯೂನಿಫಾರ್ಮ್ ಹೊಲಿದಿಟ್ಟೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅನ್ನುತ್ತಾರೆ. ನನ್ನ ಕಸುಬಿನಲ್ಲಿ ಆ ಗಾದೆ ನಡೆಯುವುದಿಲ್ಲ, ಕೂಸು ಹುಟ್ಟಿದ ಮೇಲೆ ಹೊಲಿಯಲು ಕೂತರೆ ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಾಳೆ.

ಆದರೆ ಸೀಟು ಸಿಕ್ಕರೂ ಅದು ಕೈಗೆ ಬಂದಿರಲಿಲ್ಲ. ಭಾವ ಕೂಡಿಸಿಟ್ಟದ್ದು ಅರ್ಧ ಫೀಸಿಗೆ ಸರಿಹೋಯಿತು. ಉಳಿದದ್ದಕ್ಕೆ ಕಾಲೇಜಿನವರು ಒಂದು ದಾರಿ ಹೇಳಿದರು: ಸರ್ಕಾರದ ಸ್ಕಾಲರ್‌ಶಿಪ್‌ಗೆ ಅರ್ಜಿ ಸಲ್ಲಿಸಿದ ಪ್ರತಿ ತಂದು ತೋರಿಸಿ, ದುಡ್ಡು ಬರುವ ತನಕ ಕಾಯುತ್ತೇವೆ, ತೋರಿಸದಿದ್ದರೆ ಸೀಟು ಬಿಟ್ಟುಕೊಡಿ. ಜಾತಿ, ಆದಾಯದ ಪ್ರಮಾಣಪತ್ರಕ್ಕೆ ಭಾವ ಸೊರಬದ ನಾಡಕಚೇರಿಗೆ ಅಲೆದರು. ಸ್ಫೂರ್ತಿ ಕಂಪ್ಯೂಟರಿನಲ್ಲಿ ಅರ್ಜಿ ತುಂಬಿದಳು. ಎಲ್ಲ ಮುಗಿದು ಕೊನೆಯ ಗುಂಡಿ ಒತ್ತುವಾಗ ಅದು ಮುಂದೆ ಹೋಗದೆ ನಿಂತಿತು. ನಾಳೆ ನೋಡೋಣ, ನಾಡಿದ್ದು ನೋಡೋಣ ಅನ್ನುವಷ್ಟರಲ್ಲಿ ಕೊನೆಯ ದಿನಾಂಕ ಹತ್ತಿರ ಬಂತು.

ಈಗ ನನ್ನ ಮೈದುನ ಮಂಜುನಾಥನ ವಿಷಯ ಹೇಳಬೇಕು. ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ. ಅಂಬ್ಲಿಗೊಳ ಜಲಾಶಯದ ನೀರು ಕಾಲುವೆಗೆ ಬಂತೆಂದರೆ ಅವನಿಗೆ ಕೆಲಸ ಕಡಿಮೆ, ಆಗ ಮೊಬೈಲ್ ಹಿಡಿಯುತ್ತಾನೆ. ಬೆಳಗಾದರೆ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಗುಲಾಬಿ ಹೂವು, ಮಧ್ಯಾಹ್ನ ಮೆಂತ್ಯದ ನೀರಿನ ಮಹಿಮೆ, ಸಂಜೆ ಲೋಕ ಮುಳುಗುವ ಸುದ್ದಿ. ಮನಸ್ಸು ಮಾತ್ರ ಬೆಣ್ಣೆ. ಅವನು ಒಂದು ದಿನ "ಬಡ ವಿದ್ಯಾರ್ಥಿನಿಯರಿಗೆ ಸಹಾಯಧನ, ಕೂಡಲೇ ಹತ್ತು ಜನರಿಗೆ ಕಳಿಸಿ" ಎಂಬ ಮೆಸೇಜು ಕಳಿಸಿದ. ಒಂದಕ್ಕೆ ಎರಡು ಇರಲಿ ಎಂದು ಸ್ಫೂರ್ತಿ ಅದರ ಲಿಂಕ್ ಒತ್ತಿ ಹೆಸರು, ತಂದೆಯ ಹೆಸರು, ಓದು, ಅಂಕ, ಫೋನ್ ನಂಬರು ಎಲ್ಲ ತುಂಬಿದಳು.

ಫೋನು ಬಂದದ್ದು ಒಂದು ಶುಕ್ರವಾರ ಸಂಜೆ. "ಸ್ಫೂರ್ತಿ ಅವ್ರಾ? ಇಲಾಖೆಯಿಂದ ಮಾತಾಡೋದು. ನಿಮ್ಮ ಸ್ಕಾಲರ್‌ಶಿಪ್ ಮಂಜೂರಾಗಿದೆ," ಅಂದ ಒಬ್ಬ. ಧ್ವನಿ ಎಂಥದ್ದು ಅಂತೀರಿ! ರೇಡಿಯೊದಲ್ಲಿ ವಾರ್ತೆ ಓದುವವರ ಹಾಗೆ. ತಂದೆಯ ಹೆಸರು ಹೇಳಿದ, ಅಂಕ ಹೇಳಿದ. ನಿಂತಿದ್ದ ಅರ್ಜಿ ಹೇಗೋ ಮುಂದೆ ಹೋಗಿದೆ ಎಂದುಕೊಂಡು ಸ್ಫೂರ್ತಿ ಅಲ್ಲೇ ಕುಣಿದಳು. ನಾನು ಹೊಲಿಗೆ ಬಿಟ್ಟು ಎದ್ದೆ. ಮಂಜುನಾಥ ಓಡಿಹೋಗಿ ಪೇಡ ತಂದ. ಸೊರಬಕ್ಕೆ ಫೋನು ಮಾಡಿದರೆ ಅಕ್ಕ ಅತ್ತೇಬಿಟ್ಟಳು.

ಪೇಡ ಬಾಯಲ್ಲಿರುವಾಗಲೇ ಮತ್ತೆ ಫೋನು. ಫೈಲು ಮುಂದೆ ಹೋಗಲು ನಾಲ್ಕು ಸಾವಿರ ಕಟ್ಟಬೇಕಂತೆ, ಇವತ್ತು ಏಳು ಗಂಟೆಯೊಳಗೆ. ಇಲ್ಲದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದಂತೆ.

"ನಾಲ್ಕು ಸಾವ್ರಕ್ಕೆ ಹಿಂದೆಮುಂದೆ ನೋಡ್ತಾರಾ? ನಾನೇ ಹಾಕ್ತೀನಿ," ಎಂದು ಮಂಜುನಾಥ ಮೊಬೈಲ್ ತೆಗೆದ.

ಆಗ ದೇವರ ಕೋಣೆಯಿಂದ ನಮ್ಮ ಅತ್ತೆ ಹೊರಗೆ ಬಂದರು. ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಾಗಿತ್ತು. "ಏನೋ ಅದು ಹಾಕದು? ಇವತ್ತು ಶುಕ್ರವಾರ. ದೀಪ ಹಚ್ಚೀನಿ. ಹೊಸ್ತಿಲು ದಾಟಿ ದುಡ್ಡು ಹೋಗಂಗಿಲ್ಲ," ಅಂದರು.

ಇಲ್ಲಿ ಸ್ವಲ್ಪ ನಿಲ್ಲಿ, ನನ್ನ ಗೋಳು ಹೇಳಿಕೊಳ್ಳುತ್ತೇನೆ. ಶುಕ್ರವಾರ ದೀಪ ಹಚ್ಚಿದ ಮೇಲೆ ಮನೆಯಿಂದ ದುಡ್ಡು ಹೊರಗೆ ಹೋದರೆ ಲಕ್ಷ್ಮಿ ಹೊರಟಂತೆ. ಇದು ಎಷ್ಟೋ ಮನೆಗಳಲ್ಲಿ ಇದೆ, ನಿಮ್ಮ ಮನೆಯಲ್ಲೂ ಇರಬಹುದು. ಆದರೆ ನಿಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅಂಗಡಿ ಇಲ್ಲವಲ್ಲ! ಶುಕ್ರವಾರ ಸಂಜೆ ಗಿರಾಕಿ ಐನೂರರ ನೋಟು ಕೊಟ್ಟರೆ ನಾನು ಚಿಲ್ಲರೆ ಕೊಡುವ ಹಾಗಿಲ್ಲ. "ನಾಳೆ ಬರ್ರಿ" ಅನ್ನಬೇಕು. ಪಕ್ಕದ ಮನೆಯವರು ಸೂಜಿ ಕೇಳಿದರೂ ಅಷ್ಟೆ. ಈ ವಿಷಯಕ್ಕೆ ಮದುವೆಯಾಗಿ ಬಂದಾಗಿನಿಂದ ನನಗೂ ಅತ್ತೆಗೂ ಜಟಾಪಟಿ. ಪ್ರತಿ ಸಲವೂ ಸೋತವಳು ನಾನೇ, ಆದರೂ ಸೋಲು ಒಪ್ಪಿಕೊಂಡಿರಲಿಲ್ಲ.

"ಅವ್ವ, ಇದು ನೋಟಲ್ಲ, ಫೋನ್‌ನಾಗೆ ಹೋಗದು. ಹೊಸ್ತಿಲು ದಾಟಂಗಿಲ್ಲ, ಗಾಳಿನಾಗೆ ಹೋಗ್ತತಿ," ಅಂದ ಮಂಜುನಾಥ.

"ಗಾಳಿನಾಗೆ ಹೋದ್ರೂ ಹೋಗದು ನಮ್ಮನೆ ಲಕ್ಷ್ಮೀನೇ ಅಲ್ಲೇನೋ?"

"ಹಂಗಾರೆ ಬೀದಿಗೆ ಹೋಗಿ ಕಳಿಸ್ತೀನಿ."

"ಬೀದಿಗೆ ಹೋದ್ರೆ ನೀನು ಬೀದಿ ಮಗ ಆಗ್ತೀಯೇನು? ಕೂತ್ಕ ಸುಮ್ನೆ."

ನನಗೆ ಮೈ ಉರಿದುಹೋಯಿತು. ಹುಡುಗಿಯ ಬಾಳೇ ಬಾಗಿಲಿಗೆ ಬಂದು ನಿಂತಿರುವಾಗ ಈ ಮುದುಕಿಗೆ ವಾರ ತಿಥಿ! "ಅತ್ತೆ, ಲಕ್ಷ್ಮಿ ಹೋಗ್ತಿಲ್ಲ, ಬರ್ತಿದಾಳೆ. ಸೀಟು ಹೋದ್ರೆ ನೀವೇ ಜವಾಬ್ದಾರಿ," ಎಂದು ಕಿರುಚಿಯೇಬಿಟ್ಟೆ. ಅತ್ತೆ ನನ್ನ ಕಡೆ ನೋಡಲಿಲ್ಲ. ಅವನು ಇನ್ನೂ ಲೈನಿನಲ್ಲೇ ಇದ್ದ. ಸ್ಫೂರ್ತಿಯ ಕೈಯಿಂದ ಫೋನು ತೆಗೆದುಕೊಂಡು, ಅದನ್ನು ರೊಟ್ಟಿಯ ಹಾಗೆ ಅಂಗೈಯಲ್ಲಿ ಹಿಡಿದು ಮಾತಾಡಿದರು.

"ಏನ್ರೀ ಸಾಹೇಬ್ರೆ, ಇವತ್ತು ಶುಕ್ರವಾರ ನೋಡ್ರಿ. ನಾಳೆ ಬೆಳಿಗ್ಗೆ ಸ್ನಾನ ಮಾಡಿ ಹಾಕ್ತೀವಿ."

"ಅಜ್ಜಿ, ಇವತ್ತೇ ಕೊನೆ. ಹೋಗ್ಲಿ, ಎರಡು ಸಾವಿರ ಈಗ ಹಾಕಿ, ಉಳಿದಿದ್ದು ನಾಳೆ."

"ಶುಕ್ರವಾರ ರೀ."

"ಸರಿ, ಐನೂರಾದ್ರೂ ಹಾಕಿ."

ಸ್ಪೀಕರಿನಲ್ಲಿ ಇದನ್ನು ಕೇಳುತ್ತಿದ್ದ ನನಗೆ ಅಲ್ಲಿ ಕಿವಿ ನೆಟ್ಟಗಾಯಿತು. ನಾನು ದಿನವಿಡೀ ಚೌಕಾಸಿಯ ನಡುವೆ ಬದುಕುವವಳು. ಲೈನಿಂಗ್ ಬ್ಲೌಸಿಗೆ ಹೇಳಿದ ದರ ಅರ್ಧಕ್ಕೆ ಇಳಿಯುವುದು ಯಾವಾಗ, ಯಾಕೆ ಎಂದು ನನಗೆ ಗೊತ್ತು. ಆದರೆ ಸರ್ಕಾರ ಚೌಕಾಸಿಗೆ ಇಳಿದದ್ದನ್ನು ಅಲ್ಲಿಯವರೆಗೆ ಕೇಳಿರಲಿಲ್ಲ. ನಾನು ಸ್ಫೂರ್ತಿಯ ಮುಖ ನೋಡಿದೆ. ಅವಳೂ ಪೇಡ ನುಂಗದೆ ನನ್ನ ಮುಖ ನೋಡುತ್ತಿದ್ದಳು.

ಕೊನೆಗೆ ಅವನು, ದುಡ್ಡು ನಾಳೆಯೇ ಇರಲಿ, ಹುಡುಗಿಯ ಫೋನಿಗೆ ಈಗ ಒಂದು ಒಟಿಪಿ ಬಂದಿದೆ, ಅದನ್ನಾದರೂ ಹೇಳಿ ಅಂದ. ಅದು ದುಡ್ಡಲ್ಲ ಅಜ್ಜಿ, ಬರೀ ನಂಬರು ಅಂದ.

"ನಂಬರೂ ಕೊಡಂಗಿಲ್ಲಪ್ಪ. ಉಪ್ಪು, ಮೊಸರು, ಸೂಜಿ, ನಂಬರು, ಶುಕ್ರವಾರ ನಮ್ಮನೆಯಿಂದ ಏನೂ ಆಚಿಗೆ ಹೋಗಂಗಿಲ್ಲ," ಎಂದು ಅತ್ತೆ ಫೋನು ಸ್ಫೂರ್ತಿಗೆ ಕೊಟ್ಟು ಅಡುಗೆಮನೆಗೆ ಹೋದರು. ಅಲ್ಲಿಂದ ಒಗ್ಗರಣೆಯ ಸದ್ದು ಕೇಳಿಸಿತು.

ಮರುದಿನ ಪುಣ್ಯಕ್ಕೆ ಎರಡನೇ ಶನಿವಾರವೋ ನಾಲ್ಕನೇ ಶನಿವಾರವೋ ಆಗಿರಲಿಲ್ಲ, ಕಚೇರಿ, ಬ್ಯಾಂಕು ತೆರೆದಿದ್ದವು. ಫೋನಿನಲ್ಲಿ ಬಂದವರನ್ನು ನಂಬುವುದು ಬೇಡ, ಸ್ಕಾಲರ್‌ಶಿಪ್ ಕೊಡುವ ಇಲಾಖೆಯ ಕಚೇರಿಗೇ ಹೋಗಿ ಎದುರಿಗೆ ಕೂತವರನ್ನೇ ಕೇಳೋಣ ಎಂದು ನಾನೂ ಸ್ಫೂರ್ತಿಯೂ ಬೆಳಗಿನ ಬಸ್ಸಿಗೆ ಸೊರಬಕ್ಕೆ ಹೊರಟೆವು. ಅವಳ ಬ್ಯಾಂಕ್ ಖಾತೆ ಇದ್ದದ್ದೂ ಅಲ್ಲೇ. ತಾಳಗುಂದದ ಹತ್ತಿರ, ರಸ್ತೆಯ ಎರಡೂ ಕಡೆ ಮೆಕ್ಕೆಜೋಳ ಆಳೆತ್ತರ ನಿಂತಿದ್ದ ಕಡೆ, ಮತ್ತೆ ಅದೇ ಧ್ವನಿಯ ಫೋನು ಬಂತು. "ಸ್ನಾನ ಆಯ್ತಾ ಮೇಡಂ?" ಅಂದ ಪುಣ್ಯಾತ್ಮ.

ಸ್ಫೂರ್ತಿ ಮೆತ್ತಗಿನ ಹುಡುಗಿ ಎಂದೇ ನಾನು ತಿಳಿದಿದ್ದೆ. ಅವಳು ಸ್ಪೀಕರ್ ಹಾಕಿ, "ಆಯ್ತು ಸರ್. ದುಡ್ಡು ಹಿಡ್ಕಂಡು ಆಫೀಸಿಗೇ ಬರ್ತಾ ಇದೀನಿ. ನಿಮ್ಮ ಟೇಬಲ್ ಯಾವ ರೂಮಲ್ಲಿದೆ ಹೇಳ್ರಿ, ಜೊತೆಗೆ ನಮ್ಮ ಚಿಕ್ಕಮ್ಮನೂ ಬರ್ತಿದಾರೆ," ಅಂದಳು.

ಇಂಗು ತಿಂದ ಮಂಗನ ಹಾಗಾಗಿ ಅವನು ಫೋನು ಇಟ್ಟುಬಿಟ್ಟ. ಇವಳೇ ತಿರುಗಿ ಮಾಡಿದರೆ ನಂಬರು ಬಂದ್! ಬಸ್ಸೆಲ್ಲ ನಕ್ಕಿತು. ಚಂದ್ರಗುತ್ತಿಗೆ ಹೊರಟಿದ್ದ ಹೆಂಗಸೊಬ್ಬಳು ಹಣ್ಣುಕಾಯಿ ಚೀಲದಿಂದ ಬಾಳೆಹಣ್ಣು ಮುರಿದು ಸ್ಫೂರ್ತಿಯ ಕೈಗಿಟ್ಟು, "ದೇವಿಗೆ ಒಂದು ಕಮ್ಮಿಯಾದ್ರೆ ಆಗ್ಲಿ, ನೀ ತಿನ್ನು ಮಗಾ," ಅಂದಳು. ನನಗೆ ಎದೆ ಉಬ್ಬಿ, ನಾನೇ ಅಳತೆ ನೋಡಿ ಹೊಲಿದುಕೊಂಡ ರವಿಕೆ ಬಿಗಿಯಾಯಿತು.

ಆದರೆ ಸೊರಬದ ಕಚೇರಿಯಲ್ಲಿ ಕೂತಮೇಲೆ ಆ ಉಬ್ಬು ಇಳಿಯಿತು. ಅಲ್ಲಿದ್ದ ಮೇಡಂ ಒಳ್ಳೆಯವರು. "ಸ್ಕಾಲರ್‌ಶಿಪ್ ಕೊಡೋಕೆ ಯಾರೂ ದುಡ್ಡು ಕೇಳಲ್ಲ. ಒಟಿಪಿ ಅಂತೂ ಯಾರಿಗೂ ಹೇಳ್ಬೇಡಿ," ಎಂದು ಸ್ಫೂರ್ತಿಯ ಅರ್ಜಿ ತೆಗೆದು ನೋಡಿದರು. ನೋಡಿ, "ಇದು ಸಲ್ಲಿಕೆನೇ ಆಗಿಲ್ವಲ್ಲಮ್ಮ!" ಅಂದರು. ಅವಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಲಿಲ್ಲ, ಅರ್ಜಿ ಅಲ್ಲೇ ನಿಂತಿತ್ತು. ಮಂಗಳವಾರ ಕೊನೆಯ ದಿನ.

ನಿನ್ನೆ ಆ ನಾಲ್ಕು ಸಾವಿರ ಕಟ್ಟಿದ್ದರೆ, ಮಂಜೂರಾಯಿತು ಎಂದು ಪೇಡ ತಿನ್ನುತ್ತಾ ನಾವು ಮನೆಯಲ್ಲೇ ಕೂತಿರುತ್ತಿದ್ದೆವು. ಮಂಗಳವಾರ ಕಳೆದುಹೋಗುತ್ತಿತ್ತು. ದುಡ್ಡು ಹೋದರೆ ಇನ್ನೊಂದಿಷ್ಟು ರವಿಕೆ ಹೊಲಿದೇನು. ಸೀಟನ್ನು ಎಲ್ಲಿಂದ ಹೊಲಿದು ಕೊಡಲಿ?

ಅಲ್ಲಿಂದ ಬ್ಯಾಂಕಿಗೆ ಓಡಿದೆವು. ಭಾವ ಬಾಡಿಗೆ ಬಿಟ್ಟು ಆಟೊ ತಂದರು. ಮಾರ್ಕೆಟ್ಟಿನ ಟೊಮ್ಯಾಟೊ ಕ್ರೇಟುಗಳ ನಡುವೆ ಕೂತು ನಾನು ಬ್ಯಾಂಕಿನ ಮುಂದೆ ಇಳಿದೆ. ಆಧಾರ್ ಜೋಡಣೆಗೆ ಬರೆದುಕೊಟ್ಟೆವು. ಸೋಮವಾರ ಮಧ್ಯಾಹ್ನ ನಜೀರ್ ಸಾಬರ ಅಂಗಡಿಯಲ್ಲಿ ಕೂತು ಸ್ಫೂರ್ತಿ ಅರ್ಜಿ ತೆರೆದಳು. ನಾನು ಹಿಂದೆ ನಿಂತು ಸೆರಗು ಹಿಂಡುತ್ತಿದ್ದೆ. ಈ ಸಲ ಗುಂಡಿ ಒತ್ತಿದರೆ ಹೋಯಿತು! "ಯಶಸ್ವಿಯಾಗಿ ಸಲ್ಲಿಕೆಯಾಗಿದೆ" ಎಂದು ಬಂತು. ನಜೀರ್ ಸಾಬರು ಅದರ ಪ್ರತಿ ತೆಗೆದು, ಕೇಳದೆಯೇ ಲ್ಯಾಮಿನೇಷನ್ ಮಾಡಿ ಕೊಟ್ಟರು. ದುಡ್ಡು ಕೊಡಹೋದರೆ, "ಬಿಡಕ್ಕಾ, ನರ್ಸಮ್ಮ ಆದ್ಮೇಲೆ ನಂಗೊಂದು ಇಂಜೆಕ್ಷನ್ ನೋವಿಲ್ದಂಗೆ ಹಾಕ್ಲಿ," ಅಂದರು.

ಕಾಲೇಜಿನವರು ಆ ಪ್ರತಿ ನೋಡಿ ಸೀಟು ಉಳಿಸಿದರು. ಕೆಲವು ತಿಂಗಳ ನಂತರ ದುಡ್ಡು ನೇರವಾಗಿ ಸ್ಫೂರ್ತಿಯ ಖಾತೆಗೇ ಬಂತು, ನಡುವೆ ಒಬ್ಬ ಸಾಹೇಬನಿಲ್ಲ, ಒಂದು ಫೋನಿಲ್ಲ. ಮಂಜುನಾಥ ಪೊಲೀಸರ ಸೈಬರ್ ವಿಭಾಗಕ್ಕೆ ದೂರು ಕೊಟ್ಟು, ನಡೆದದ್ದನ್ನೆಲ್ಲ ಬರೆದು ತನಗೆ ಗೊತ್ತಿದ್ದ ಗುಂಪುಗಳಿಗೆಲ್ಲ ಕಳಿಸಿದ. ಅವನ ಜನ್ಮದಲ್ಲಿ ಓದುವಂಥದ್ದನ್ನು ಕಳಿಸಿದ್ದು ಅದೊಂದೇ. ಶಿರಾಳಕೊಪ್ಪದಿಂದ ಯಾರೋ ತಂದೆ ಫೋನು ಮಾಡಿ, ನಮಗೂ ಹಾಗೇ ಕರೆ ಬಂದಿತ್ತು, ಉಳಿದುಕೊಂಡೆವು ಅಂದಾಗ ಅವನು ಮೀಸೆ ತಿರುವಿದ. ತಿರುವಲಿ ಬಿಡಿ ಅಂತ ನಾನೂ ಸುಮ್ಮನಿದ್ದೆ.

ಈಗ ಸ್ಫೂರ್ತಿ ಎರಡನೇ ವರ್ಷ. ಮೊನ್ನೆ ನಾನು ಜೆರಾಕ್ಸ್ ಅಂಗಡಿಯಿಂದ ಮನೆಗೆ ಬಂದಾಗ ಅವಳು ಬಿಳಿ ಯೂನಿಫಾರ್ಮಿನಲ್ಲೇ ಅತ್ತೆಯ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿ ಕೂತಿದ್ದಳು. ಆಸ್ಪತ್ರೆ ಎಂದರೆ ಮಾರು ದೂರ ಓಡುವ ಅತ್ತೆ ಅವಳಿಗೆ ಮಾತ್ರ ತೋಳು ಕೊಡುತ್ತಾರೆ. ಅಂಗಡಿಯಲ್ಲಿ ಕಂಡ ಹುಡುಗಿಯರ ಸುದ್ದಿ ಹೇಳಿದೆ, ಆ ಶುಕ್ರವಾರದ ಮಾತು ಬಂತು.

"ಅಜ್ಜಿ, ಒಂದು ಕೇಳ್ತೀನಿ. ಆವತ್ತು ಶುಕ್ರವಾರ ಆಗಿರ್ದೇ ಗುರುವಾರ ಆಗಿದ್ರೆ ಏನ್ ಮಾಡ್ತಿದ್ರಿ?" ಅಂದಳು ಸ್ಫೂರ್ತಿ.

"ಗುರುವಾರ ಆಗಿದ್ರೆ ಅಮಾಸಿ ಅಂತಿದ್ದೆ."

"ಅಮಾವಾಸ್ಯೆನೂ ಅಲ್ದಿದ್ರೆ?"

"ನಿಮ್ಮಜ್ಜ ತೀರಿಕೊಂಡ ದಿನ ಅಂತಿದ್ದೆ. ಅಲ್ಲ ಅನ್ನಾಕೆ ಅವ್ರೇನು ಎದ್ದು ಬರ್ತಿದ್ರಾ?"

ನಾನು ಕೈಯಲ್ಲಿದ್ದ ಕರೆಂಟ್ ಬಿಲ್ಲನ್ನು ಕೆಳಗಿಟ್ಟೆ. "ಅತ್ತೆ! ಹಂಗಾರೆ ಅವ್ನು ಮೋಸಗಾರ ಅಂತ ನಿಮಗೆ ಆವತ್ತೇ ಗೊತ್ತಾಗಿತ್ತಾ?"

"ಕೊಡೋನು ಯಾವನಾದ್ರೂ ಅಷ್ಟು ಅವಸರ ಮಾಡ್ತಾನೇನೆ? ಅವಸರ ಇರೋದು ಇಸ್ಕಳೋನಿಗೆ. ಆದ್ರೆ ಮಂಜ ಪೇಡ ತಂದಿದ್ದ, ಈ ಕೂಸು ಕುಣೀತಿತ್ತು, ನೀನು ನನ್ನ ಮ್ಯಾಲೆ ಹಾರಾಡ್ತಿದ್ದಿ. ಮೋಸ ಅಂದಿದ್ರೆ ಮುದುಕಿಗೇನು ಗೊತ್ತು ಅಂತಿದ್ರಿ. ಶುಕ್ರವಾರ ಅಂದ್ರೆ ಬೈಕಂತಾನಾದ್ರೂ ಸುಮ್ನಾಗ್ತೀರಿ."

ಇಷ್ಟು ವರ್ಷ ಅವರನ್ನು ಸಹಿಸಿಕೊಂಡು ಬಂದವಳು ನಾನು ಎಂದು ಬೀಗುತ್ತಿದ್ದೆನಲ್ಲ! ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ನಾನು ಬಗ್ಗಿ ಅತ್ತೆಯ ಕಾಲು ಮುಟ್ಟಿದೆ. ಅವರು ಪಟ್ಟಿ ಸುತ್ತಿದ ತೋಳನ್ನು ಹಾಗೇ ಹಿಡಿದುಕೊಂಡು ನನ್ನನ್ನು ಅನುಮಾನದಿಂದ ನೋಡಿದರು.

"ಇದೇನೇ? ಇವತ್ತೇನು ಹಬ್ಬಾನಾ?"

"ಹೂಂ ಅತ್ತೆ," ಅಂದೆ, "ಹಬ್ಬಾನೇ."