ಅಕ್ಕನ ತಪ್ಪುಗಳಿಗೆ ಕತ್ತರಿ

ಅಕ್ಕ ತಮ್ಮ ಅಂದರೆ ಎಣ್ಣೆ ಸೀಗೆಕಾಯಿ. ಮನೆಯಲ್ಲಿದ್ದ ಒಂದೇ ಪಿಯಾನೊ ಮುಂದೆ ಅಪ್ಪ ಅವಳನ್ನು ಕೂರಿಸಿದ. ಇವನಿಗೆ ಸಿಕ್ಕಿದ್ದು ಪಕ್ಕದಲ್ಲಿ ನಿಂತು ಪುಟ ತಿರುಗಿಸುವ ಭಾಗ್ಯ. ಅವಳು ದೊಡ್ಡ ಕಲಾವಿದೆಯಾದಳು, ಇವನು ರೆಕಾರ್ಡಿಂಗ್ ಕೆಲಸಕ್ಕೆ ಬಿದ್ದ. ಹಣೆಬರಹ ನೋಡಿ, ಮೂವತ್ತು ವರ್ಷದಲ್ಲಿ ಅವಳ ಒಂಬತ್ತು ಡಿಸ್ಕ್‌ಗಳೂ ಇವನ ಕೈಯಲ್ಲೇ ಆಗಬೇಕೆ!

ಒಂದೊಂದು ರಚನೆಯನ್ನೂ ಅವಳು ಐದು ಸಲ ನುಡಿಸುತ್ತಿದ್ದಳು. "ಚೆನ್ನಾಗಿರೋದೊಂದು ಇಟ್ಕೋ" ಅಂತ ಎದ್ದು ಹೋದರೆ ಮುಗಿಯಿತು, ತನ್ನ ಡಿಸ್ಕನ್ನು ತಾನು ಯಾವತ್ತೂ ಕೇಳಿದವಳಲ್ಲ. ಇವನು ಕಿವಿಗೆ ಹೆಡ್‌ಫೋನ್ ಏರಿಸಿ, ಮೊದಲನೆಯದರ ಆರಂಭ, ಮೂರನೆಯದರ ನಡು, ಐದನೆಯದರ ಕೊನೆ ಎಂದು ತುಂಡು ತುಂಡಾಗಿ ಆರಿಸಿ ಜೋಡಿಸುತ್ತಿದ್ದ. ಒಂದು ಡಿಸ್ಕಿಗೆ ಇನ್ನೂರು ಜೋಡಣೆ, ಒಂದೂ ಯಾರ ಕಿವಿಗೂ ಸಿಗದು. ಅವಳೋ ಪತ್ರಿಕೆಯವರ ಮುಂದೆ, "ನಾನು ಒಂದೇ ಉಸಿರಿಗೆ ನುಡಿಸೋಳು. ತಮ್ಮ ಬಟನ್ ಒತ್ತುತ್ತಾನೆ, ಅಷ್ಟೇ" ಅನ್ನೋಳು. ಮೈ ಉರಿಯದೆ ಇರುತ್ತಾ?

ಹತ್ತನೆಯ ಡಿಸ್ಕಿನ ರೆಕಾರ್ಡಿಂಗ್ ದಿನ, ಡಿಸ್ಕ್ ಕಂಪನಿಯ ಮೇಡಂ ಎದುರಿಗೇ ಅಕ್ಕ ಮೈಕಿನಲ್ಲಿ ಗದರಿದಳು: "ಏಯ್, ನಿದ್ದೆ ಹೊಡೀತಿದೀಯಾ? ಇವನಿಗೆ ಕಿವಿ ಇದ್ದಿದ್ರೆ ಅಪ್ಪ ಪುಟ ತಿರುಗಿಸೋಕೆ ನಿಲ್ಲಿಸ್ತಿದ್ನಾ?"

"ಇರು, ಮಾಡ್ತೀನಿ ನಿನಗೆ" ಎಂದು ಇವನು ಹಲ್ಲು ಕಡಿದ. ಈ ಸಲ ಕತ್ತರಿ ಮುಟ್ಟಲೇ ಇಲ್ಲ. ಪ್ರತಿ ರಚನೆಯದ್ದೂ ಎರಡನೆಯ ಸಲ ನುಡಿಸಿದ್ದನ್ನು ಇದ್ದ ಹಾಗೇ ಕಳಿಸಿಬಿಟ್ಟ. ಎಡಗೈ ಎರಡು ಕಡೆ ಜಾರಿತ್ತು, ಒಂದು ಕಡೆ ಮುಂದಿನ ಸ್ವರಕ್ಕೆ ತಡಕಾಡಿತ್ತು. ಅವಳ ಹೆಸರು ನಿಂತಿರುವುದು ಯಾರ ಕೈಮೇಲೆ ಅಂತ ಊರಿಗೆಲ್ಲ ಗೊತ್ತಾಗಲಿ, ಅವಳ ಜಂಬ ಮಣ್ಣುಪಾಲಾಗಲಿ. ಇವನಿಗೆ ಬೇಕಿದ್ದದ್ದು ಅಷ್ಟೇ.

ಡಿಸ್ಕ್ ಹೊರಬಂದ ಮೇಲೆ ದಿನಾ ಬೆಳಗ್ಗೆ ಪೇಪರಿನಲ್ಲಿ ಅವಳಿಗೆ ಬೈಗುಳ ಹುಡುಕಿದ್ದೇ ಹುಡುಕಿದ್ದು. ಮೂರನೆಯ ವಾರ ಮೇಡಂ ಫೋನು ಬಂತು.

"ಈ ಸಲ ಏನ್ ಮಾಡಿದ್ರಿ ಸಾರ್? ಜನ ಮುಗಿಬಿದ್ದು ತಗೋತಿದ್ದಾರೆ!"

"ತಪ್ಪುಗಳಿವೆಯಲ್ಲ ಮೇಡಂ?"

"ಇರ್ಲಿ ಬಿಡಿ. ಹಳೇದೆಲ್ಲ ಗಾಜಿನ ಬೀರುವಿನಲ್ಲಿಟ್ಟ ಹಾಗಿತ್ತು. ಇದರಲ್ಲಿ ನಿಜವಾದ ಮನುಷ್ಯರೊಬ್ಬರು ಕೂತು ನುಡಿಸ್ತಿದ್ದಾರೆ."

ಇವನಿಗೆ ರೇಗಿಹೋಯಿತು. ಇಷ್ಟು ವರ್ಷ ತಾನು ಕತ್ತರಿಸಿ ಜೋಡಿಸಿದ್ದನ್ನೆಲ್ಲ ಒಂದೇ ಉಸಿರಿಗೆ ಕಕ್ಕಿಬಿಟ್ಟ. ಆ ಕಡೆ ಮೇಡಂ, "ಹಾಗಾದ್ರೆ ಹಳೆ ಒಂಬತ್ತನ್ನೂ ಕತ್ತರಿ ಹಾಕದೆ ಕೊಟ್ಬಿಡಿ" ಅಂದರು.

ಸಂಜೆ ಅಕ್ಕನೇ ಬಂದಳು. ಇವನ ಕೆಲಸದ ಕೋಣೆಗೆ ಅವಳು ಕಾಲಿಟ್ಟದ್ದು ಅದೇ ಮೊದಲು.

"ಮೇಡಂ ಹೇಳಿದ್ರು, ನನ್ನ ಸಂಗೀತಾನ ಚೂರು ಚೂರು ಮಾಡಿದ್ಯಂತೆ. ಒಂದು ಮಾತು ಕೇಳಿದ್ಯೇನೋ?"

"ನಿನ್ನ ಮಾನ ಉಳಿಸಿದೆ ಕಣಕ್ಕ."

"ಯಾರ ಮಾನಾನೋ! ಮೂಲದ್ದು ತೆಗಿ. ಈಗಲೇ."

ಇದ್ದರಲ್ಲವೇ ತೆಗೆಯುವುದು? ಪ್ರತಿ ಡಿಸ್ಕ್ ಮುಗಿದ ಸಂಜೆ ಉಳಿದದ್ದನ್ನೆಲ್ಲ ತಾನೇ ಕೂತು ಅಳಿಸಿದ್ದ. ತಪ್ಪು ಸ್ವರ ಅಂದರೆ ಅವನಿಗೆ ಹೊಲಸು. ಹೊಲಸನ್ನು ಯಾರಾದರೂ ಜೋಪಾನ ಮಾಡುತ್ತಾರೆಯೇ?

"ಅಳಿಸಿಬಿಟ್ಟೆ."

"ಎಲ್ಲಾ?"

"ಒಂಬತ್ತೂ."

ಅವಳು ಗಂಟುಗಂಟಾಗಿ ಊದಿದ ಬೆರಳುಗಳನ್ನು ಅವನ ಮುಖದ ಮುಂದೆ ಹಿಡಿದಳು. "ಮೂವತ್ತು ವರ್ಷದ್ದು ಕಣೋ ಪಾಪಿ. ಇವುಗಳಿಂದ ಮತ್ತೆ ನುಡಿಸಲಾ?"

ಅವನು ಕುರ್ಚಿ ಬಿಟ್ಟೆದ್ದು ಅವಳನ್ನು ಕೂರಿಸಿ, ಚಿಕ್ಕಂದಿನ ಹಾಗೆ ಪಕ್ಕದಲ್ಲಿ ನಿಂತ.